ಬೆಳ್ಳುಳ್ಳಿ ಟೈಪ್ ಮಾಡಿ ನೋಡಿ, ಆಮೇಲೆ ಕೀಬೋರ್ಡ್ ಕೊಳ್ಳಿ

ಮನೆ ಕಂಪ್ಯೂಟರಿಗೆ ವೈರ್‌ಲೆಸ್ ಕೀಬೋರ್ಡ್, ಮೌಸ್ ಸೆಟ್ ತಗೊಳ್ಳಬೇಕು, ಯಾವುದು ಒಳ್ಳೇದು ಹೇಳು ಅಂತ ಪರಿಚಯದವರು ನನ್ನನ್ನು ಆಗಾಗ ಕೇಳುತ್ತಾರೆ. ನಾನು ಮೈಸೂರಿನಲ್ಲಿ ಮನೆಯಲ್ಲೇ ಕೂತು ಕನ್ನಡ ಪುಸ್ತಕಗಳ ಡಿಟಿಪಿ ಮಾಡುವವಳು. ಪ್ರೂಫನ್ನೂ ನೋಡುತ್ತೇನೆ. ಬೆಳಗ್ಗೆ ತಿಂಡಿ ಆದಮೇಲೆ ಕೂತರೆ ಮಧ್ಯಾಹ್ನದ ಊಟದವರೆಗೂ ಕೈ ಕೀಬೋರ್ಡ್ ಮೇಲೇ ಇರುತ್ತದೆ. ಹಾಗಾಗಿ ಈ ಪ್ರಶ್ನೆಗೆ "ಯಾವುದೋ ಒಂದು ತಗೋ, ಎಲ್ಲಾ ಒಂದೇ" ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ. ಎಲ್ಲಾ ಒಂದೇ ಅಲ್ಲ. ಅದರಲ್ಲೂ ಕನ್ನಡ ಟೈಪ್ ಮಾಡುವವರಿಗೆ ಖಂಡಿತ ಅಲ್ಲ.

ಕೊಳ್ಳುವ ಮೊದಲು ನಾವು ಓದುವ, ನೋಡುವ ವಿಮರ್ಶೆಗಳೆಲ್ಲ ಇಂಗ್ಲಿಷ್ ಟೈಪ್ ಮಾಡುವವರ ಲೆಕ್ಕದಲ್ಲಿ ಇರುತ್ತವೆ. ಹಾಡಿನ ಸದ್ದು ಏರಿಸಲು ಬೇರೆ ಬಟನ್ ಇದೆಯಾ, ಲೈಟ್ ಬರುತ್ತಾ, ಆಟ ಆಡೋಕೆ ಆಗುತ್ತಾ, ಇಷ್ಟೇ. ನಮ್ಮ ಬೆರಳುಗಳ ಕೆಲಸ ಬೇರೆ.

ಕರ್ನಾಟಕದಲ್ಲಿ ಹೆಚ್ಚಿನವರು ಟೈಪ್ ಮಾಡುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ. ನುಡಿ ತಂತ್ರಾಂಶದಲ್ಲಿ ಇರುವುದು ಅದೇ. ಲಿನಕ್ಸ್‌ನಲ್ಲಿ ಕಗಪ ಅನ್ನೋ ಹೆಸರಿನಲ್ಲಿ ಸಿಗುತ್ತದೆ. ಇದರಲ್ಲಿ ಕೆ ಒತ್ತಿದರೆ ಕ, ಎನ್ ಒತ್ತಿದರೆ ನ. ಒತ್ತಕ್ಷರ ಬೇಕಾದರೆ ನಡುವೆ ಎಫ್ ಒತ್ತಬೇಕು. ಮಹಾಪ್ರಾಣಕ್ಕೆ ಶಿಫ್ಟ್. ದೀರ್ಘಕ್ಕೆ ಶಿಫ್ಟ್. ಣ, ಳ, ಶ ಬರೆಯಲೂ ಶಿಫ್ಟ್. ಅನುಸ್ವಾರಕ್ಕೂ ಶಿಫ್ಟ್ ಹಿಡಿದೇ ಎಂ ಒತ್ತಬೇಕು. ಅಂದರೆ ಇಂಗ್ಲಿಷಿನಲ್ಲಿ ವಾಕ್ಯ ಶುರುವಾಗುವಾಗ ಒಮ್ಮೆ ಮುಟ್ಟುವ ಶಿಫ್ಟನ್ನು ನಾವು ಹೆಚ್ಚುಕಮ್ಮಿ ಪದಪದಕ್ಕೂ ಮುಟ್ಟುತ್ತೇವೆ. ಎಫ್ ಕೀಯಂತೂ ಕೇಳಲೇಬೇಡಿ.

ಬೆಳ್ಳುಳ್ಳಿ ಅನ್ನೋ ಪದವನ್ನೇ ತಗೊಳ್ಳಿ. ಬಿ, ಇ, ಶಿಫ್ಟ್ ಹಿಡಿದು ಎಲ್, ಬಿಟ್ಟು ಎಫ್, ಮತ್ತೆ ಶಿಫ್ಟ್ ಹಿಡಿದು ಎಲ್, ಬಿಟ್ಟು ಯು, ಶಿಫ್ಟ್ ಹಿಡಿದು ಎಲ್, ಬಿಟ್ಟು ಎಫ್, ಶಿಫ್ಟ್ ಹಿಡಿದು ಎಲ್, ಕೊನೆಗೆ ಐ. ಒಟ್ಟು 10 ಒತ್ತು. ಅದರಲ್ಲಿ 4 ಸಲ ಎಡಗೈ ಕಿರುಬೆರಳು ಶಿಫ್ಟ್ ಹಿಡಿದು ಬಿಡಬೇಕು, 2 ಸಲ ಎಫ್ ಒತ್ತಬೇಕು. ಕೈ ಪಳಗಿದವರು ಇದನ್ನು ಒಂದೇ ಉಸಿರಿಗೆ ಹೊಡೆಯುತ್ತಾರೆ. ಕೀಬೋರ್ಡ್ ಈ ಓಟಕ್ಕೆ ತಾಳ ತಪ್ಪದೆ ಬಂದರೆ ಅದು ನಮಗೆ ಆಗುವ ಕೀಬೋರ್ಡ್.

ತಾಳ ತಪ್ಪಿದರೆ ಏನಾಗುತ್ತದೆ? ಎಫ್ ಬಿಟ್ಟುಹೋದರೆ ಕನ್ನಡ ಹೋಗಿ ಕನನಡ ಆಗುತ್ತದೆ. ಅದು ಕಣ್ಣಿಗೆ ತಕ್ಷಣ ಹೊಡೆಯುತ್ತದೆ, ತಿದ್ದಬಹುದು. ಶಿಫ್ಟ್ ಬಿಟ್ಟುಹೋದರೆ ಕಷ್ಟ. ಹಳ್ಳಿ ಹೋಗಿ ಹಲ್ಲಿ ಆಗುತ್ತದೆ. ಮಳೆ ಬಂತು ಅನ್ನೋದು ಮಲೆ ಬಂತು ಆಗುತ್ತದೆ. ಮಣೆ ಹಾಕಿದರು ಅಂತಿದ್ದದ್ದು ಮನೆ ಹಾಕಿದರು. ಇವೆಲ್ಲ ನಿಘಂಟಿನಲ್ಲಿ ಇರುವ ಪದಗಳೇ. ಸ್ಪೆಲ್‌ಚೆಕ್ ಹಾಕಿದರೂ ಕೆಂಪು ಗೆರೆ ಬರುವುದಿಲ್ಲ. ಮುನ್ನೂರು ಪುಟದ ಕಾದಂಬರಿಯಲ್ಲಿ ಇಂಥದ್ದು ನಾಲ್ಕು ನುಸುಳಿದರೂ ಲೇಖಕರಿಗೆ ಆಗುವ ನೋವು ನಾನು ಬಲ್ಲೆ. ಒಂದೊಂದು ಪದಕ್ಕೂ ಜೀವ ತೇದವರು ಅವರು.

ಹಾಗಾಗಿ ಅಂಗಡಿಯಲ್ಲಿ ನಾನು ಮೊದಲು ನೋಡುವುದು ಶಿಫ್ಟ್ ಕೀಯನ್ನು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಅಮೆರಿಕದ ವಿನ್ಯಾಸ. ಅದರಲ್ಲಿ ಎಡ ಶಿಫ್ಟ್ ಉದ್ದವಾಗಿ, ಜೆಡ್ ಕೀವರೆಗೂ ಬಂದಿರುತ್ತದೆ. ಆದರೆ ವಿದೇಶದಿಂದ ತರಿಸಿದ ಕೆಲವು ಸೆಟ್‌ಗಳು ಬ್ರಿಟನ್ ವಿನ್ಯಾಸದವು. ಅವುಗಳಲ್ಲಿ ಎಡ ಶಿಫ್ಟ್ ಮೊಟಕು. ಜೆಡ್‌ಗೂ ಶಿಫ್ಟ್‌ಗೂ ನಡುವೆ ಇನ್ನೊಂದು ಕೀ ತುರುಕಿರುತ್ತಾರೆ. ಮಗ ಲಂಡನ್ನಿನಿಂದ ತಂದುಕೊಟ್ಟ ಅಂತ ನನ್ನ ಪರಿಚಯದ ಮೇಷ್ಟ್ರು ಒಬ್ಬರು ಅಂಥದ್ದನ್ನೇ ಇಟ್ಟುಕೊಂಡಿದ್ದಾರೆ. ಳ ಹೊಡೆಯಲು ಹೋದಾಗಲೆಲ್ಲ ಕಿರುಬೆರಳು ಆ ಕೀ ಮೇಲೆ ಬಿದ್ದು ಓರೆ ಗೆರೆ ಬರುತ್ತದೆ ಪಾಪ.

ಬಲ ಶಿಫ್ಟ್ ಕೂಡ ಅಷ್ಟೇ ಮುಖ್ಯ. ಕಾ, ಮಾ, ಬಾ ಅನ್ನೋ ಆ-ಕಾರಕ್ಕೆಲ್ಲ ಶಿಫ್ಟ್ ಜೊತೆ ಎ ಒತ್ತಬೇಕಲ್ವಾ? ಎ ಇರುವುದು ಎಡಗೈ ಕಿರುಬೆರಳಿಗೆ. ಆಗ ಶಿಫ್ಟ್ ಹಿಡಿಯಬೇಕಾದ್ದು ಬಲಗೈ. ಚಿಕ್ಕ, ಮುದ್ದಾದ ಕಾಂಪ್ಯಾಕ್ಟ್ ಕೀಬೋರ್ಡ್‌ಗಳಲ್ಲಿ ಜಾಗ ಉಳಿಸಲು ಮೊದಲು ಕತ್ತರಿ ಬೀಳುವುದು ಈ ಬಲ ಶಿಫ್ಟ್‌ಗೇ. ಬಾಣದ ಗುರುತಿನ ಕೀಗಳನ್ನು ಅದರ ಕೆಳಗೋ ಪಕ್ಕಕ್ಕೋ ಒತ್ತರಿಸಿರುತ್ತಾರೆ. ನೋಡಲು ಚೆಂದ. ಆದರೆ ಅದರಲ್ಲಿ ಕನ್ನಡ ಟೈಪ್ ಮಾಡಿದರೆ ಸಂಜೆಗೆ ಬೆರಳ ಬುಡ ನೋಯುತ್ತದೆ. ಟೇಬಲ್ ತೀರ ಚಿಕ್ಕದಿದ್ದರೆ ಮಾತ್ರ ಕಾಂಪ್ಯಾಕ್ಟ್ ಯೋಚಿಸಿ. ಮನೆಯಲ್ಲಿ ಯಾರಾದರೂ ಲೆಕ್ಕಪತ್ರ, ಜಿಎಸ್‌ಟಿ ಕೆಲಸ ಮಾಡುವವರಿದ್ದರೆ ಬಲಗಡೆಯ ನಂಬರ್ ಪ್ಯಾಡ್ ಬೇಕೇ ಬೇಕು.

ಎರಡನೆಯದು, ಆ ಉದ್ದ ಕೀಗಳ ತುದಿ. ಶಿಫ್ಟ್, ಎಂಟರ್, ಸ್ಪೇಸ್ ಬಾರ್ ಇವನ್ನು ನಾವು ಯಾರೂ ಸರಿಯಾಗಿ ನಡುವೆ ಒತ್ತುವುದಿಲ್ಲ. ಕಿರುಬೆರಳು ಬೀಳುವುದು ಶಿಫ್ಟ್‌ನ ಒಂದು ತುದಿಗೆ. ಒಳ್ಳೆಯ ಕೀಬೋರ್ಡಿನಲ್ಲಿ ಉದ್ದ ಕೀಯ ಅಡಿಯಲ್ಲಿ ಸಣ್ಣ ತಂತಿಯೊಂದು ಇರುತ್ತದೆ. ಎಲ್ಲಿ ಒತ್ತಿದರೂ ಕೀ ಪೂರ್ತಿ ಸಮವಾಗಿ ಇಳಿಯುವುದು ಅದರಿಂದ. ಅಗ್ಗದ್ದರಲ್ಲಿ ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಮೇಲೇಳುತ್ತದೆ, ಇಲ್ಲವೇ ಕೀ ಸಿಕ್ಕಿಹಾಕಿಕೊಳ್ಳುತ್ತದೆ. ಬೆರಳ ತುದಿಯಿಂದ ಶಿಫ್ಟ್‌ನ ಮೂಲೆಯನ್ನು ನಿಧಾನಕ್ಕೆ ಒತ್ತಿ ನೋಡಿ. ಗೊತ್ತಾಗಿಬಿಡುತ್ತದೆ.

ಎಫ್ ಮತ್ತು ಜೆ ಮೇಲೆ ಉಬ್ಬು ಗೆರೆ ಇರುತ್ತದಲ್ಲ, ಅದನ್ನೂ ಸವರಿ ನೋಡಿ. ನೋಡದೆ ಟೈಪ್ ಮಾಡುವವರ ಬೆರಳು ಮನೆಗೆ ಮರಳುವುದು ಆ ಗೆರೆ ಹಿಡಿದೇ. ಕೆಲವದರಲ್ಲಿ ಅದು ಎಷ್ಟು ತೆಳುವಾಗಿರುತ್ತದೆ ಅಂದರೆ ಬೆರಳಿಗೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ನನಗೆ ಒತ್ತಕ್ಷರದ ಕೀಯೂ ಎಫ್ ಆದ್ದರಿಂದ ಗೆರೆ ಚೆನ್ನಾಗಿ ತಾಗಲೇಬೇಕು.

ಈ ಸಲ ನಾನು ಸೆಟ್ ತಂದದ್ದು ಬೆಂಗಳೂರಿನ ಎಸ್.ಪಿ. ರೋಡಿನಿಂದ. ತಂಗಿ ಮನೆಗೆ ಹೋಗಿದ್ದೆ, ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆದುಕೊಂಡು ಹೋದೆ. ಆನ್‌ಲೈನಿನಲ್ಲಿ ನೂರಿನ್ನೂರು ಕಡಿಮೆಗೆ ಸಿಗಬಹುದು, ಒಪ್ಪುತ್ತೇನೆ. ಆದರೆ ಬೆರಳಿಟ್ಟು ನೋಡದೆ ಕೀಬೋರ್ಡ್ ಕೊಳ್ಳುವುದು ನನಗೆ ಇಷ್ಟವಿಲ್ಲ.

ಅಂಗಡಿಯ ಹುಡುಗ ಮೊದಲು ತೋರಿಸಿದ್ದು ಬಣ್ಣದ ಲೈಟಿನದ್ದು.

"ಮೇಡಂ, ಇದು ನೋಡಿ. ರಾತ್ರಿ ಲೈಟ್ ಆರಿಸಿದ್ರೂ ಟೈಪ್ ಮಾಡಬಹುದು."

"ಲೈಟ್ ಬೇಡಪ್ಪ, ಸೆಲ್ ಬೇಗ ಮುಗಿಯುತ್ತೆ. ಡೆಮೊ ಪೀಸ್ ಇದ್ರೆ ಕಂಪ್ಯೂಟರಿಗೆ ಹಾಕಿ ಕೊಡ್ತೀರಾ?"

ಕೊಟ್ಟ. ಅವನ ಕಂಪ್ಯೂಟರಿನಲ್ಲಿ ನುಡಿ ಇರಲಿಲ್ಲ. ಅದಕ್ಕೆ ತೊಂದರೆ ಇಲ್ಲ. ನೋಟ್‌ಪ್ಯಾಡ್ ತೆರೆದು ಕನ್ನಡ ಟೈಪ್ ಮಾಡುವ ಹಾಗೇ ಬೆಳ್ಳುಳ್ಳಿ ಹೊಡೆಯಬೇಕು. ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳೇ ಬರುತ್ತವೆ. ಬಿ, ಇ, ದೊಡ್ಡ ಎಲ್, ಎಫ್, ದೊಡ್ಡ ಎಲ್, ಯು, ದೊಡ್ಡ ಎಲ್, ಎಫ್, ದೊಡ್ಡ ಎಲ್, ಐ. ಇದನ್ನೇ ನಿಮ್ಮ ಸಹಜ ವೇಗದಲ್ಲಿ ಒಂದು ಸಾಲು ತುಂಬ ಹೊಡೆಯಿರಿ. ಶಿಫ್ಟ್ ತಪ್ಪಿದ್ದರೆ ದೊಡ್ಡ ಎಲ್‌ಗಳ ನಡುವೆ ಸಣ್ಣ ಎಲ್ ಒಂದು ಗೆರೆಯ ಹಾಗೆ ನಿಂತಿರುತ್ತದೆ. ದೊಡ್ಡ ಎಲ್ ಎರಡು ಅಕ್ಕಪಕ್ಕ ಬಂದಿದ್ದರೆ ನಡುವಿನ ಎಫ್ ಹೋಗಿದೆ ಅಂತ ಅರ್ಥ. ಕನ್ನಡದಲ್ಲಿ ಹುಡುಕುವುದಕ್ಕಿಂತ ಹೀಗೆ ಬೇಗ ಸಿಗುತ್ತದೆ. ನಾನು ಇದರ ಜೊತೆಗೆ ವಿದ್ಯಾರ್ಥಿ ಅಂತಲೂ ಹೊಡೆದು ನೋಡುತ್ತೇನೆ. ಅದರಲ್ಲಿ ಎರಡು ಕಡೆ ಬಲ ಶಿಫ್ಟ್ ಬೇಕು, ಯಾಕೆಂದರೆ ದೊಡ್ಡ ಎ, ದೊಡ್ಡ ಟಿ ಎರಡೂ ಎಡಗೈ ಪಾಲಿನವು. ಹುಡುಗ ಹಿಂದೆ ನಿಂತು ನೋಡುತ್ತಿದ್ದ. ಆಮೇಲೆ ತಾನೇ ಇನ್ನೆರಡು ಬಾಕ್ಸ್ ಬಿಚ್ಚಿ ಕೊಟ್ಟ.

ಸಂಪರ್ಕದ ವಿಷಯ. ಎರಡು ಬಗೆ ಇವೆ. ಒಂದರಲ್ಲಿ ಉಗುರಿನಷ್ಟು ಚಿಕ್ಕ ರಿಸೀವರ್ ಕೊಡುತ್ತಾರೆ, ಡಾಂಗಲ್ ಅಂತಲೂ ಕರೆಯುತ್ತಾರೆ, ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವುದು. ಇನ್ನೊಂದು ಬ್ಲೂಟೂತ್. ಮನೆಯ ಡೆಸ್ಕ್‌ಟಾಪಿಗೆ ರಿಸೀವರ್ ಇರುವುದೇ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಅಸೆಂಬಲ್ ಮಾಡಿಸಿದ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಬ್ಲೂಟೂತ್ ಇರುವುದೇ ಇಲ್ಲ. ಇದ್ದರೂ ವಿಂಡೋಸ್ ಪೂರ್ತಿ ಏಳುವವರೆಗೆ ಬ್ಲೂಟೂತ್ ಕೀಬೋರ್ಡ್ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಕಂಪ್ಯೂಟರ್ ಕೈಕೊಟ್ಟು ರಿಪೇರಿಯವರು ಬಯೋಸ್‌ಗೆ, ಅಂದರೆ ವಿಂಡೋಸ್ ಏಳುವ ಮೊದಲಿನ ಸೆಟ್ಟಿಂಗ್ಸ್‌ಗೆ, ಹೋಗಬೇಕು ಅಂದಾಗ ವೈರಿನ ಕೀಬೋರ್ಡ್ ಹುಡುಕಬೇಕಾಗುತ್ತದೆ. ರಿಸೀವರ್ ಇದ್ದರೆ ಕಂಪ್ಯೂಟರ್ ಅದನ್ನು ಮಾಮೂಲಿ ಯುಎಸ್‌ಬಿ ಕೀಬೋರ್ಡ್ ಅಂತಲೇ ತಿಳಿಯುತ್ತದೆ. ಟ್ಯಾಬ್, ಫೋನ್, ಕಂಪ್ಯೂಟರ್ ಮೂರಕ್ಕೂ ಒಂದೇ ಕೀಬೋರ್ಡ್ ಬೇಕು ಅನ್ನುವವರಿಗೆ ಬ್ಲೂಟೂತ್ ಸರಿ.

ರಿಸೀವರ್ ಎಲ್ಲಿ ಸಿಕ್ಕಿಸುತ್ತೀರಿ ಅನ್ನೋದರ ಮೇಲೆ ತುಂಬಾ ಇದೆ. ಇದನ್ನು ಬಾಕ್ಸಿನ ಮೇಲೆ ಯಾರೂ ಬರೆಯುವುದಿಲ್ಲ. ನನ್ನ ಹಳೆಯ ಸೆಟ್ ಕೆಲವು ದಿನ ಸುಮ್ನೆ ಅಕ್ಷರ ನುಂಗುತ್ತಿತ್ತು. ಕೆಲವು ಸಲ ಒಂದು ನ ಒತ್ತಿದರೆ ನನನನನ ಅಂತ ಓಡುತ್ತಿತ್ತು. ಎಲ್ಲಾ ದಿನವೂ ಅಲ್ಲ. ಗಮನಿಸಿದಾಗ, ಫೈಲ್‌ಗಳ ಬ್ಯಾಕಪ್‌ಗೆ ಹಾರ್ಡ್ ಡಿಸ್ಕ್ ಸಿಕ್ಕಿಸಿದ ದಿನ ಮಾತ್ರ ಹೀಗಾಗುತ್ತಿತ್ತು. ಕಾರಣ ಇದು: ಈ ಕೀಬೋರ್ಡ್‌ಗಳು ಮಾತಾಡುವುದು 2.4 ಗಿಗಾಹರ್ಟ್ಸ್ ರೇಡಿಯೋ ತರಂಗದಲ್ಲಿ. ಯುಎಸ್‌ಬಿ 3.0 ಪೋರ್ಟಿನಲ್ಲಿ, ಅಂದರೆ ಸಾಮಾನ್ಯವಾಗಿ ಒಳಗೆ ನೀಲಿ ಬಣ್ಣ ಇರುವ ಪೋರ್ಟಿನಲ್ಲಿ, ಹಾರ್ಡ್ ಡಿಸ್ಕ್ ಕೆಲಸ ಮಾಡುವಾಗ ಅದೇ ತರಂಗದ ಆಸುಪಾಸಿನಲ್ಲಿ ಗದ್ದಲ ಹೊಮ್ಮುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ತಾಂತ್ರಿಕ ವರದಿ ಪ್ರಕಟಿಸಿದೆ. ಪಕ್ಕದಲ್ಲೇ ರಿಸೀವರ್ ಇದ್ದರೆ ಅದಕ್ಕೆ ಕೀಬೋರ್ಡಿನ ಸಣ್ಣ ದನಿ ಕೇಳಿಸುವುದಿಲ್ಲ. ವೈಫೈ ಕೂಡ ಇದೇ 2.4ರಲ್ಲಿ ಓಡಾಡುತ್ತದೆ, ಮೈಕ್ರೋವೇವ್ ಒಲೆಯೂ ಅಲ್ಲೇ.

ಪರಿಹಾರ ಸುಲಭ. ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು ರಿಸೀವರನ್ನು ಟೇಬಲ್ ಮೇಲಕ್ಕೆ, ಕೀಬೋರ್ಡಿನ ಎದುರಿಗೆ ತಂದಿಟ್ಟೆ. ಅಂದಿನಿಂದ ಅಕ್ಷರ ನುಂಗಿಲ್ಲ. ನಮ್ಮ ಮನೆಗಳಲ್ಲಿ ಸಿಪಿಯು ಡಬ್ಬ ಟೇಬಲ್ ಕೆಳಗೆ, ಗೋಡೆಗೆ ಒತ್ತಿಕೊಂಡು ಇರುತ್ತದೆ. ರಿಸೀವರನ್ನು ಹಿಂದಿನ ಪೋರ್ಟಿಗೆ ಹಾಕಿದರೆ ನಡುವೆ ಇಡೀ ತಗಡಿನ ಡಬ್ಬ ಅಡ್ಡ. ಕೇಬಲ್ ಇಲ್ಲದಿದ್ದರೆ ಕನಿಷ್ಠ ಮುಂದಿನ ಪೋರ್ಟಿಗಾದರೂ ಹಾಕಿ, ನೀಲಿ ಬಿಟ್ಟು ಕಪ್ಪು ಬಣ್ಣದ್ದಕ್ಕೆ. "ವೈರ್‌ಲೆಸ್ ಸರಿ ಇಲ್ಲ" ಅಂತ ಅಂಗಡಿಗೆ ವಾಪಸ್ ಕೊಡಲು ಹೊರಟ ಇಬ್ಬರ ಸೆಟ್‌ಗಳು ಬರೀ ಜಾಗ ಬದಲಿಸಿದ್ದಕ್ಕೆ ಸರಿಯಾಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ, ಕೇಳಲೇಬೇಕಾದದ್ದು. ನೀವು ಒತ್ತಿದ ಪ್ರತಿ ಕೀ ಗಾಳಿಯಲ್ಲಿ ಹೋಗುತ್ತದೆ. ಬ್ಯಾಂಕಿನ ಪಾಸ್‌ವರ್ಡ್ ಕೂಡ. 2016ರಲ್ಲಿ ಅಮೆರಿಕದ ಬ್ಯಾಸ್ಟಿಲ್ ಅನ್ನೋ ಭದ್ರತಾ ಸಂಸ್ಥೆ 8 ತಯಾರಕರ ಅಗ್ಗದ ವೈರ್‌ಲೆಸ್ ಕೀಬೋರ್ಡ್‌ಗಳು ಏನನ್ನೂ ಗೂಢಲಿಪಿ ಮಾಡದೆ, ಇದ್ದದ್ದು ಇದ್ದ ಹಾಗೇ ಕಳಿಸುತ್ತಿವೆ ಅಂತ ತೋರಿಸಿಕೊಟ್ಟಿತು. 250 ಅಡಿ ದೂರದಿಂದ ಕದ್ದು ಓದಬಹುದಿತ್ತು. ಅಪಾರ್ಟ್‌ಮೆಂಟಿನಲ್ಲಿ 250 ಅಡಿ ಅಂದರೆ ಎಷ್ಟು ಮನೆ ಬರುತ್ತದೆ ಯೋಚಿಸಿ. ಅದಕ್ಕೆ ಬಾಕ್ಸಿನ ಮೇಲೋ ಕಂಪನಿಯ ವಿವರದಲ್ಲೋ 128 ಬಿಟ್ ಎಇಎಸ್ ಅಂತ ಇದೆಯಾ ನೋಡಿ, ಅದು ಗೂಢಲಿಪಿಯ ಒಂದು ಬಗೆ. ಇಲ್ಲದಿದ್ದರೆ ಎಷ್ಟೇ ಅಗ್ಗ ಇದ್ದರೂ ಮುಟ್ಟಬೇಡಿ. ಹಾಗೇ ಕೀಬೋರ್ಡಿನ ಬೆನ್ನು ತಿರುಗಿಸಿ ನೋಡಿ. ನಮ್ಮ ದೇಶದಲ್ಲಿ ವೈರ್‌ಲೆಸ್ ಕೀಬೋರ್ಡ್‌ಗೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಐಎಸ್ ಅಂತ ಶುರುವಾಗುವ ಗುರುತು, ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿಗೆ ಇದೆ ಅಂತ ಬರುತ್ತದೆ. ನಕಲಿ ಮಾಲು ಹಿಡಿಯಲು ಇದು ಒಳ್ಳೆ ದಾರಿ.

ಮೌಸ್ ವಿಷಯಕ್ಕೆ ಬಂದರೆ, ನಮ್ಮ ಮನೆಯಲ್ಲಿ ಅದನ್ನು ಜಾಸ್ತಿ ಹಿಡಿಯುವುದು ಮಾವನವರು. ಎಂಬತ್ತರ ಹತ್ತಿರ ವಯಸ್ಸು. ಬೆಳಗಿನ ಪತ್ರಿಕೆಗಳನ್ನೆಲ್ಲ ಕಂಪ್ಯೂಟರಿನಲ್ಲೇ ಓದುತ್ತಾರೆ. ಕೈ ಸ್ವಲ್ಪ ನಡುಗುತ್ತದೆ. ಸೆಟ್ಟಿನ ಜೊತೆ ಬರುವ ಮೌಸ್ ಹೆಚ್ಚಾಗಿ ಚಿಕ್ಕದು, ಹಗುರ. ಅವರ ಅಂಗೈಯಲ್ಲಿ ಅದು ನಿಲ್ಲುವುದಿಲ್ಲ, ಕ್ಲಿಕ್ ಮಾಡುವಷ್ಟರಲ್ಲಿ ಜಾರಿರುತ್ತದೆ. ಒಳಗೆ ಎಎ ಸೆಲ್ ಹಾಕುವ ಮೌಸ್ ತುಸು ಭಾರ ಇರುತ್ತದೆ, ಅದು ಅವರಿಗೆ ಹಿಡಿಸಿತು. ಜೊತೆಗೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಬಾಣದ ವೇಗ ಇಳಿಸಿ, ಡಬಲ್ ಕ್ಲಿಕ್ ವೇಗವನ್ನೂ ನಿಧಾನ ಮಾಡಿಕೊಟ್ಟೆ. "ಈಗ ನಾನು ಹೇಳಿದ್ದು ಕೇಳುತ್ತೆ ಕಣಮ್ಮ" ಅಂದರು. ಡಿಪಿಐ, ಅಂದರೆ ಮೌಸಿನ ಸೂಕ್ಷ್ಮತೆ, ಎಷ್ಟು ಅಂತ ತಲೆ ಕೆಡಿಸಿಕೊಳ್ಳಬೇಡಿ. ಮನೆ ಕೆಲಸಕ್ಕೆ 1000 ಧಾರಾಳವಾಯ್ತು. ಟೇಬಲ್‌ಗೆ ಗಾಜು ಹಾಸಿದ್ದರೆ ಮಾತ್ರ ಒಂದು ಮ್ಯಾಟ್ ತನ್ನಿ. ಕೆಳಗಿನ ಬೆಳಕು ಗಾಜಿನಲ್ಲಿ ತೂರಿ ಹೋಗುವುದರಿಂದ ಮೌಸಿಗೆ ದಾರಿ ಕಾಣುವುದಿಲ್ಲ.

ಮಗಳು ಓದುವ ಕೋಣೆಯಲ್ಲೇ ಕಂಪ್ಯೂಟರ್ ಇದ್ದರೆ ಸದ್ದಿಲ್ಲದ ಸೆಟ್ ನೋಡಬಹುದು. ಲಾಜಿಟೆಕ್‌ನ ಎಂಕೆ295 ಅಂಥದ್ದು. ಡಿಟಿಪಿ ಸೆಂಟರಿನಲ್ಲಿ ಟಿವಿಎಸ್ ಗೋಲ್ಡ್ ಕೀಬೋರ್ಡಿನ ಟಕಟಕ ಕೇಳುತ್ತಾ ಕೆಲಸ ಕಲಿತ ನನಗೆ ಸದ್ದು ಬೇಕು. ಒತ್ತು ಬಿತ್ತು ಅಂತ ಕಿವಿಗೂ ತಿಳಿಯಬೇಕು. ಅದು ನನ್ನ ಅಭ್ಯಾಸ, ನಿಮ್ಮದು ಬೇರೆ ಇರಬಹುದು.

ನಾನು ಕೊನೆಗೆ ತಂದದ್ದು ಲಾಜಿಟೆಕ್ ಎಂಕೆ270. ಎರಡು ಸಾವಿರದ ಆಸುಪಾಸು. ಪೂರ್ತಿ ಅಳತೆಯ ಕೀಬೋರ್ಡ್, ನಂಬರ್ ಪ್ಯಾಡ್ ಇದೆ, ಎರಡೂ ಶಿಫ್ಟ್ ಉದ್ದ. ಎರಡಕ್ಕೂ ಒಂದೇ ರಿಸೀವರ್. ಕೀಬೋರ್ಡಿಗೆ 2 ಎಎಎ ಸೆಲ್, ಮೌಸಿಗೆ 1 ಎಎ. ಕೀಬೋರ್ಡ್ ಸೆಲ್ 2 ವರ್ಷ, ಮೌಸಿನದು 1 ವರ್ಷ ಬರುತ್ತದೆ ಅಂತ ಕಂಪನಿ ಹೇಳುತ್ತದೆ. ದಿನವಿಡೀ ಟೈಪ್ ಮಾಡುವ ಮನೆಯಲ್ಲಿ ಅಷ್ಟು ಬರುವುದು ಕಷ್ಟ ಅಂತಲೇ ಲೆಕ್ಕ ಹಾಕಿ. ಸೆಲ್ ಹಾಕುವಾಗ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಬೇಡ, ಆಲ್ಕಲೈನ್ ಹಾಕಿ. ಅಗ್ಗದವು ಬೇಗ ಮುಗಿಯುತ್ತವೆ, ಸೋರುವುದೂ ಜಾಸ್ತಿ. ಸೋರಿದ್ದು ಒಳಗಿನ ಸ್ಪ್ರಿಂಗಿಗೆ ಹಿಡಿದರೆ ಸೆಟ್ ಹಾಳು. ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಸೆಲ್ ತೆಗೆದಿಟ್ಟು ಹೋಗಿ.

ರಿಸೀವರ್ ಕಳೆಯಬೇಡಿ ಅಂತ ಮನೆಮಂದಿಗೆಲ್ಲ ಹೇಳಿಟ್ಟಿರಿ. ಅಗ್ಗದ ಎಷ್ಟೋ ಸೆಟ್‌ಗಳಲ್ಲಿ ಅದು ಕಳೆದರೆ ಬೇರೆ ಸಿಗುವುದಿಲ್ಲ. ಚೆನ್ನಾಗಿರುವ ಕೀಬೋರ್ಡ್, ಮೌಸ್ ಎರಡನ್ನೂ ಇ-ಕಸಕ್ಕೆ ಹಾಕಬೇಕಾಗುತ್ತದೆ. ಮನೆ ಬದಲಾಯಿಸುವಾಗ ಅದನ್ನು ಮೌಸಿನ ಹೊಟ್ಟೆಯೊಳಗೆ, ಸೆಲ್ ಪಕ್ಕದ ಗೂಡಿನಲ್ಲಿ ಇಡಬಹುದು. ಬಹಳಷ್ಟು ಮೌಸ್‌ಗಳಲ್ಲಿ ಆ ಗೂಡು ಇರುತ್ತದೆ. ರಿಸೀವರ್ ಬೇರೆಯಾಗಿಯೂ ಕೊಳ್ಳಲು ಸಿಗಬೇಕು ಅನ್ನುವವರು ಲಾಜಿಟೆಕ್‌ನ ಲಾಜಿ ಬೋಲ್ಟ್ ರಿಸೀವರ್ ಇರುವ ಮಾದರಿ ನೋಡಿ, ಬೆಲೆ ಸ್ವಲ್ಪ ಮೇಲೆ.

ಇಷ್ಟೂ ಹೇಳಿದ್ದು ನುಡಿ, ಕಗಪ ಬಳಸುವವರಿಗೆ. ಇನ್‌ಸ್ಕ್ರಿಪ್ಟ್ ಅನ್ನೋ ಇನ್ನೊಂದು ಕೀಲಿಮಣೆ ವಿನ್ಯಾಸ ಬಳಸುವವರಿಗೆ ಒತ್ತಿನ ಕೀ ಎಫ್ ಅಲ್ಲ, ಡಿ. ಮಹಾಪ್ರಾಣಕ್ಕೆ ಅವರಿಗೂ ಶಿಫ್ಟ್ ಬೇಕು. ಅಂಗಡಿಯಲ್ಲಿ ಡಿ ಕೀಯನ್ನೂ ಎರಡು ಶಿಫ್ಟ್‌ಗಳನ್ನೂ ನೋಡಿ, ನೀವು ದಿನಾ ಹೊಡೆಯುವ ಒತ್ತಕ್ಷರದ ಪದ ಒಂದನ್ನು ಆರಿಸಿಕೊಂಡು ಸಾಲು ತುಂಬ ಹೊಡೆಯಿರಿ. ಹಳೆಯ ವೈರಿನ ಕೀಬೋರ್ಡ್ ಇದ್ದರೆ ಕೊಟ್ಟುಬಿಡಬೇಡಿ, ಬೀರು ಮೇಲೆ ಇಟ್ಟಿರಿ. ಪ್ರೆಸ್ಸಿಗೆ ಫೈಲ್ ಕಳಿಸಬೇಕಾದ ರಾತ್ರಿ ಸೆಲ್ ಮುಗಿದರೆ, ಹತ್ತು ಗಂಟೆಗೆ ಯಾವ ಅಂಗಡಿಯೂ ತೆರೆದಿರುವುದಿಲ್ಲ.